ಪೆಲೆಟ್ ಗ್ರಿಲ್‌ನಲ್ಲಿ ಹೊಗೆಯ ಘಮ, ಕಾವಲಿಯ ಕೆಂಪು: ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಮನೆಯ ಹಿತ್ತಲಿಗೆ ಪೆಲೆಟ್ ಗ್ರಿಲ್ (ಒತ್ತಿ ಮಾಡಿದ ಮರದ ಹೊಟ್ಟಿನ ತುಂಡುಗಳನ್ನು ಉರಿಸಿ ಅಡುಗೆ ಮಾಡುವ ಯಂತ್ರ) ತಂದಿಟ್ಟುಕೊಂಡ ಕನ್ನಡಿಗರಿಂದ ಸಾಮಾನ್ಯವಾಗಿ ಎರಡು ದೂರುಗಳು ಕೇಳಿಬರುತ್ತವೆ. ಮಾಂಸ ಹದವಾಗಿ ಬೇಯುತ್ತದೆ, ಆದರೆ ಹೊಗೆಯ ಘಮ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿರುತ್ತದೆ ಎಂಬುದು ಮೊದಲನೆಯದು. ಮೇಲ್ಮೈ ಕೆಂಪಗೆ ಗರಿಗರಿಯಾಗದೆ, ಓವನ್‌ನಿಂದ ತೆಗೆದಂತೆ ಬೂದು ಬಣ್ಣದಲ್ಲೇ ಉಳಿಯುತ್ತದೆ ಎಂಬುದು ಎರಡನೆಯದು. ಎರಡಕ್ಕೂ ಮೂಲ ಒಂದೇ, ಅದು ಯಂತ್ರದ ರಚನೆಯಲ್ಲಿದೆ. ಎರಡನ್ನೂ ಸರಿಪಡಿಸಬಹುದು, ಹೊಸ ಗ್ರಿಲ್ ಬೇಕಾಗಿಲ್ಲ. ಆದರೆ ಒಂದೇ ಉರಿಯಲ್ಲಿ, ಒಂದೇ ಹೊತ್ತಿನಲ್ಲಿ ಎರಡನ್ನೂ ಪಡೆಯಲು ಹೊರಟರೆ ಎರಡೂ ಕೈತಪ್ಪುತ್ತವೆ. ಹೊಗೆಗೆ ಕಡಿಮೆ ಕಾವು ಮತ್ತು ಒದ್ದೆಯಾದ, ತಣ್ಣನೆಯ ಮೇಲ್ಮೈ ಬೇಕು. ಸಿಯರ್ ಮಾಡಲು, ಅಂದರೆ ಮೇಲ್ಮೈಯನ್ನು ಕೆಂಪಗೆ ಸುಡಲು, ಹೆಚ್ಚಿನ ಕಾವು ಮತ್ತು ಪೂರ್ತಿ ಒಣಗಿದ ಮೇಲ್ಮೈ ಬೇಕು. ಆದ್ದರಿಂದ ಅಡುಗೆಯನ್ನು ಎರಡಾಗಿ ಒಡೆದು, ನಡುವೆ ಒಂದು ಬಿಡುವು ಕೊಡುವುದೇ ಇಲ್ಲಿ ವಿವರಿಸುವ ಕ್ರಮ.

ಉದಾಹರಣೆಗೆ ಒಂದೂವರೆಯಿಂದ ಎರಡು ಇಂಚು ದಪ್ಪದ ಕುರಿಮಾಂಸದ ಲಾಯ್ನ್ ಚಾಪ್ ಅನ್ನು, ಅಂದರೆ ಸೊಂಟದ ಭಾಗದ ಮೂಳೆಸಮೇತ ತುಂಡನ್ನು, ಆರಿಸಿಕೊಂಡಿದ್ದೇನೆ. ದಪ್ಪ ಇಲ್ಲಿ ಬಹಳ ಮುಖ್ಯ. ಹಲಾಲ್ ಅಂಗಡಿಗಳಲ್ಲಿ ಸಾರಿಗೆಂದು ಕತ್ತರಿಸುವ ಅರ್ಧ ಇಂಚಿನ ಚಾಪ್, ಹೊಗೆ ಹಿಡಿಯುವ ಮೊದಲೇ ಒಳಗೆಲ್ಲ ಬೆಂದುಬಿಡುತ್ತದೆ. ದಪ್ಪಗೆ ಕತ್ತರಿಸಿ ಕೊಡಿ ಎಂದು ಮೊದಲೇ ಹೇಳಿಡಬೇಕು. ಕಾವಿನ ಅಂಕಿಗಳನ್ನೆಲ್ಲ ಅಲ್ಲಿನ ಗ್ರಿಲ್‌ಗಳು ತೋರಿಸುವಂತೆ ಫ್ಯಾರನ್‌ಹೀಟ್‌ನಲ್ಲಿ ಕೊಟ್ಟಿದ್ದೇನೆ.

ಯಂತ್ರ ಕೆಲಸ ಮಾಡುವ ಬಗೆ

ಗ್ರಿಲ್‌ನ ಬದಿಯಲ್ಲಿರುವ ಹಾಪರ್ ಎಂಬ ಪೆಟ್ಟಿಗೆಗೆ ಪೆಲೆಟ್ ಸುರಿಯುತ್ತೇವೆ. ಪೆಲೆಟ್ ಎಂದರೆ ಗಟ್ಟಿ ಮರದ ಹೊಟ್ಟನ್ನು ಒತ್ತಡದಲ್ಲಿ ಅದುಮಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ತುಂಡು. ಮರದಲ್ಲೇ ಇರುವ ಲಿಗ್ನಿನ್ ಅದನ್ನು ಅಂಟಿನಂತೆ ಹಿಡಿದಿಡುತ್ತದೆ. ಆಗರ್ ಎಂಬ ತಿರುಪು ಕಂಬಿ ನಿಧಾನವಾಗಿ ತಿರುಗುತ್ತ ಆ ತುಂಡುಗಳನ್ನು ಫೈರ್ ಪಾಟ್ ಎಂಬ ಸಣ್ಣ ಕುಳಿಗೆ ತಳ್ಳುತ್ತದೆ. ಅಲ್ಲಿ ಒಂದು ಕಾಯುವ ಕಡ್ಡಿ ಬೆಂಕಿ ಹೊತ್ತಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ, ಕಂಟ್ರೋಲರ್ ಕಾವನ್ನು ನೋಡುತ್ತ ಪೆಲೆಟ್ ಎಷ್ಟು ಬೀಳಬೇಕೆಂದು ತೀರ್ಮಾನಿಸುತ್ತದೆ. ಬೆಂಕಿಯ ಮೇಲೆ ಒಂದು ಲೋಹದ ತಗಡು, ಅದರ ಮೇಲೆ ಜಿಡ್ಡು ಹರಿದುಹೋಗುವ ತಟ್ಟೆ, ಅದರ ಮೇಲೆ ಜಾಲರಿ ಇರುತ್ತವೆ.

ಈ ಯಂತ್ರ ಹುಟ್ಟಿದ್ದು ಆರಿಗನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಊರಿನಲ್ಲಿ. ಮನೆ ಬೆಚ್ಚಗಿಡುವ ಒಲೆಗಳ ವ್ಯಾಪಾರ ನಡೆಸುತ್ತಿದ್ದ ಕುಟುಂಬದ ಜೋ ಟ್ರೇಗರ್ 1980ರ ದಶಕದ ನಡುವಿನಲ್ಲಿ ಇದನ್ನು ರೂಪಿಸಿ, 1986ರಲ್ಲಿ ಪೇಟೆಂಟ್ ಪಡೆದರು. ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ. ಮನೆಯೊಳಗಿನ ಪೆಲೆಟ್ ಒಲೆಯ ಗುರಿಯೇ ಕಟ್ಟಿಗೆಯನ್ನು ಆದಷ್ಟು ಪೂರ್ತಿಯಾಗಿ, ಹೊಗೆ ಏಳದಂತೆ ಸುಡುವುದು, ಮತ್ತು ಅದೇ ಜಾಣ್ಮೆ ಗ್ರಿಲ್‌ಗೂ ಬಂದಿದೆ. ಘಮ ಕೊಡುವ ಗ್ವಾಯಕಾಲ್, ಸಿರಿಂಗಾಲ್ ಮುಂತಾದ ವಸ್ತುಗಳು ಲಿಗ್ನಿನ್ ಅರೆಬರೆ ಸುಟ್ಟಾಗ ಹೊರಬರುತ್ತವೆ. ಸಣ್ಣ ಕುಳಿಯಲ್ಲಿ, ಫ್ಯಾನ್ ಗಾಳಿಯಲ್ಲಿ, ಬಲವಾದ ಜ್ವಾಲೆಯಲ್ಲಿ ಅವೂ ಸುಟ್ಟುಹೋಗುತ್ತವೆ. ಬೆಂಕಿಗೂ ಜಾಲರಿಗೂ ನಡುವೆ ಎರಡು ತಗಡುಗಳಿರುವುದರಿಂದ ಮಾಂಸಕ್ಕೆ ತಗಲುವುದು ಬಿಸಿ ಗಾಳಿಯೇ ಹೊರತು ಕೆಂಡದ ನೇರ ಝಳವಲ್ಲ. ಸಿಯರ್ ಆಗದಿರಲು ಅದೇ ಕಾರಣ.

ಹಿಂದಿನ ದಿನದ ಕೆಲಸ: ಉಪ್ಪು ಮತ್ತು ಬೂದಿ

ಮಾಂಸದ ಎಲ್ಲ ಬದಿಗೂ ಹರಳುಪ್ಪನ್ನು ಪುಡಿಮಾಡಿ ಸವರಿ, ತಟ್ಟೆಯ ಮೇಲೊಂದು ತಂತಿ ಜಾಲರಿ ಇಟ್ಟು, ಏನನ್ನೂ ಮುಚ್ಚದೆ ಫ್ರಿಜ್‌ನಲ್ಲಿಡಿ. ಮೊದಲು ಉಪ್ಪು ನೀರನ್ನು ಹೊರಗೆಳೆಯುತ್ತದೆ, ಕೆಲವು ಗಂಟೆಗಳಲ್ಲಿ ಆ ಉಪ್ಪುನೀರು ಮರಳಿ ಒಳಗಿಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಮೇಲ್ಮೈ ಒಣಗಿ ಸ್ವಲ್ಪ ಅಂಟಂಟಾಗುತ್ತದೆ. ಮೊಸರು, ಶುಂಠಿ-ಬೆಳ್ಳುಳ್ಳಿ, ಖಾರದ ಪುಡಿ ಕಲಸಿ ದಪ್ಪಗೆ ಮೆತ್ತುವ ನಮ್ಮ ಅಭ್ಯಾಸವನ್ನು ಈ ಒಂದು ಅಡುಗೆಗೆ ಬಿಟ್ಟುಬಿಡುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ. ಆ ಪದರ ಹೊಗೆಯನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಆಮೇಲೆ ಕಾವಲಿಯ ಮೇಲೆ ಮಾಂಸಕ್ಕಿಂತ ಮೊದಲು ತಾನೇ ಕರಕಲಾಗುತ್ತದೆ. ಮಸಾಲೆಗೆ ಕೊನೆಯಲ್ಲಿ ಬೇರೆಯೇ ಜಾಗವಿದೆ.

ಗ್ರಿಲ್ ಪೂರ್ತಿ ತಣ್ಣಗಿರುವಾಗ ಜಾಲರಿ, ತಟ್ಟೆ, ತಗಡು ಎತ್ತಿ ಫೈರ್ ಪಾಟ್‌ನ ಬೂದಿಯನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ. ಬೂದಿ ತುಂಬಿದ ಕುಳಿಯಲ್ಲಿ ಗಾಳಿಯ ರಂಧ್ರಗಳು ಮುಚ್ಚಿ, ಕಾವು ಏರಿಳಿಯುತ್ತದೆ. ಆಗ ಏಳುವ ದಟ್ಟ ಬಿಳಿ ಹೊಗೆ ಘಮವನ್ನಲ್ಲ, ಕಹಿಯನ್ನು ತರುತ್ತದೆ. ತಟ್ಟೆಯ ಮೇಲಿನ ಹಳೆಯ ಜಿಡ್ಡನ್ನೂ ಈಗಲೇ ಕೆರೆದು ತೆಗೆಯಿರಿ. ನಾಳೆ ಇದೇ ಗ್ರಿಲ್ ಅನ್ನು 500 ಡಿಗ್ರಿಗೆ ಏರಿಸಲಿದ್ದೇವೆ. ಆ ಕಾವಿನಲ್ಲಿ ಹಳೆಯ ಕೊಬ್ಬು ಹೊತ್ತಿಕೊಳ್ಳುತ್ತದೆ.

ಪೆಲೆಟ್ ಆರಿಸುವುದು

ಚೀಲದ ಮೇಲಿನ ಚಿತ್ರಕ್ಕಿಂತ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಹಿಕರಿ ಅಥವಾ ಚೆರಿ ಎಂಬ ಹೆಸರಿನಲ್ಲಿ ಮಾರುವ ಹಲವು ಪೆಲೆಟ್‌ಗಳಲ್ಲಿ ಓಕ್ ಅಥವಾ ಆಲ್ಡರ್ ಹೊಟ್ಟೇ ಹೆಚ್ಚಿದ್ದು, ಹೆಸರಿನ ಮರ ಸ್ವಲ್ಪವೇ ಇರುತ್ತದೆ. ನೂರಕ್ಕೆ ನೂರು ಒಂದೇ ಮರ ಎಂದು ಬರೆದಿರುವುದನ್ನು ಕೊಳ್ಳಿ. ಮೆಸ್ಕೀಟ್ ಮತ್ತು ಹಿಕರಿ ಕಟುವಾದ ಹೊಗೆ ಕೊಡುತ್ತವೆ, ಓಕ್ ಮಧ್ಯಮ, ಸೇಬು ಮತ್ತು ಚೆರಿ ಸೌಮ್ಯ. ಕಟ್ಟಿಗೆಯನ್ನೇ ಉರಿಸುವ ಸ್ಮೋಕರ್‌ನಲ್ಲಿ ಹಿಕರಿ ಹೆಚ್ಚಾದರೆ ಬಾಯಿ ಕಹಿಯಾಗುತ್ತದೆ, ಆದರೆ ಪೆಲೆಟ್ ಗ್ರಿಲ್‌ನ ಸ್ವಚ್ಛ ಉರಿಯಲ್ಲಿ ಆ ಭಯ ಕಡಿಮೆ. ಆದ್ದರಿಂದ ಕುರಿಮಾಂಸಕ್ಕೆ ಹಿಕರಿ ಅಥವಾ ಓಕ್, ಕೋಳಿಗೆ ಪೆಕಾನ್ ಅಥವಾ ಸೇಬು ಎಂದು ಇಟ್ಟುಕೊಂಡರೆ ಸಾಕು.

ಒಳ್ಳೆಯ ಪೆಲೆಟ್ ಹೊಳಪಾಗಿರುತ್ತದೆ, ಬೆರಳಲ್ಲಿ ಮುರಿದರೆ ಟಕ್ಕೆಂದು ಮುರಿಯುತ್ತದೆ. ತೇವ ತಾಗಿದ್ದು ಮಂಕಾಗಿ ಉಬ್ಬಿ, ಬೆರಳಲ್ಲೇ ಪುಡಿಯಾಗುತ್ತದೆ. ಅದು ಆಗರ್‌ನೊಳಗೆ ಹೋದರೆ ಗಟ್ಟಿಯಾಗಿ ಸಿಕ್ಕಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. ಹ್ಯೂಸ್ಟನ್‌ನಂತಹ ಸೆಕೆಯ ಊರುಗಳಲ್ಲಿರುವವರು ಚೀಲ ಒಡೆದ ಕೂಡಲೇ ಬಿಗಿ ಮುಚ್ಚಳದ ಬಕೆಟ್‌ಗೆ ಸುರಿದಿಡಬೇಕು. ಮನೆ ಬೆಚ್ಚಗಿಡಲೆಂದು ಮಾರುವ ಅಗ್ಗದ ಪೆಲೆಟ್ ಬೇಡ, ಅದರಲ್ಲಿ ಪೈನ್‌ನಂತಹ ರಾಳದ ಮರ ಇರಬಹುದು. ಗ್ರಿಲ್ ಅನ್ನು ಊರಿಗೆ ಕೊಂಡೊಯ್ದವರಿಗೂ ಇದೇ ಮಾತು: ನಮ್ಮಲ್ಲಿ ಕಾರ್ಖಾನೆಗಳ ಬಾಯ್ಲರ್‌ಗೆಂದು ಕೃಷಿ ತ್ಯಾಜ್ಯದಿಂದ ಮಾಡುವ ಬಯೋಮಾಸ್ ಪೆಲೆಟ್ ನೋಡಲು ಹೀಗೆಯೇ ಇದ್ದರೂ ಅದು ಅಡುಗೆಗಲ್ಲ.

ಮೊದಲ ಉರಿ: ಹೊಗೆ

ಗ್ರಿಲ್ ಅನ್ನು 180ರಿಂದ 200 ಡಿಗ್ರಿಯ ನಡುವೆ ಇಡಿ. ಕಾವು ಕಡಿಮೆಯಿದ್ದಷ್ಟೂ ಉರಿ ಮಂದವಾಗಿ, ಪೆಲೆಟ್ ಜ್ವಾಲೆಯಾಗಿ ಉರಿಯುವುದಕ್ಕಿಂತ ಹೊಗೆಯಾಡುವುದು ಹೆಚ್ಚು. 275 ದಾಟಿದ ಮೇಲೆ ಚಿಮಣಿಯಿಂದ ಬಹುತೇಕ ಬರಿ ಬಿಸಿ ಗಾಳಿಯೇ ಬರುತ್ತದೆ. ನಿಮ್ಮ ಕಂಟ್ರೋಲರ್‌ನಲ್ಲಿ ಹೊಗೆಗೆ ಬೇರೆ ವ್ಯವಸ್ಥೆಯಿದ್ದರೆ ಅದನ್ನು ಬಳಸಿ. ಟ್ರೇಗರ್ ಕಂಪನಿಯ ಕೆಲವು ಗ್ರಿಲ್‌ಗಳಲ್ಲಿ ಸೂಪರ್ ಸ್ಮೋಕ್ ಗುಂಡಿಯಿದೆ, ಕ್ಯಾಂಪ್ ಶೆಫ್ ಕಂಪನಿಯ ಕೆಲವು ಮಾದರಿಗಳಲ್ಲಿ 1ರಿಂದ 10ರವರೆಗೆ ಹೊಗೆಯ ಮಟ್ಟವನ್ನು ಆರಿಸಬಹುದು. ಹಳೆಯ ಬಗೆಯ ಕಂಟ್ರೋಲರ್‌ಗಳಲ್ಲಿ ಪಿ-ಸೆಟ್ಟಿಂಗ್ ಎಂಬ ಅಂಕಿಯನ್ನು ಏರಿಸಿದರೆ ಒಮ್ಮೆ ಪೆಲೆಟ್ ಬಿದ್ದ ಮೇಲೆ ಮತ್ತೊಮ್ಮೆ ಬೀಳುವವರೆಗಿನ ಅಂತರ ಹೆಚ್ಚುತ್ತದೆ, ಬೆಂಕಿ ಬಾಡುತ್ತ ಮತ್ತೆ ಏಳುತ್ತ ಹೊಗೆ ಹೆಚ್ಚು ಕೊಡುತ್ತದೆ. ತೀರಾ ಏರಿಸಿದರೆ, ಅದರಲ್ಲೂ ಚಳಿ ಗಾಳಿಯ ದಿನ, ಬೆಂಕಿ ಪೂರ್ತಿ ಆರಿಹೋಗುತ್ತದೆ. ಆದ್ದರಿಂದ ಒಂದೊಂದೇ ಮೆಟ್ಟಿಲು ಏರಿಸಿ ನೋಡಿ.

ಇಷ್ಟೆಲ್ಲ ಮಾಡಿದರೂ ಯಂತ್ರ ತಾನಾಗಿ ಕೊಡುವ ಹೊಗೆ ಒಂದು ಮಿತಿಯಲ್ಲೇ ಇರುತ್ತದೆ. ಆ ಮಿತಿಯನ್ನು ದಾಟಿಸುವ ಸಾಧನ ಸ್ಮೋಕ್ ಟ್ಯೂಬ್. ಮೈತುಂಬ ರಂಧ್ರಗಳಿರುವ ಒಂದಡಿ ಉದ್ದದ ಈ ಸ್ಟೀಲ್ ಕೊಳವೆ ಅಗ್ಗದ್ದು, ಮತ್ತು ಪೆಲೆಟ್ ಗ್ರಿಲ್ ಇರುವ ಯಾರೇ ಕೇಳಿದರೂ ಮೊದಲು ಕೊಳ್ಳಬೇಕಾದದ್ದು ಇದೇ ಎನ್ನುತ್ತೇನೆ. ಒಣ ಪೆಲೆಟ್‌ನಿಂದ ಕೊಳವೆಯನ್ನು ತುಂಬಿ, ನೆಲಕ್ಕೆ ಒಂದೆರಡು ಬಾರಿ ಕುಟ್ಟಿ, ಬಾಯಿಯ ಹತ್ತಿರ ಒಂದಿಂಚು ಜಾಗ ಬಿಡಿ. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ತೆರೆದ ತುದಿಗೆ ಪ್ರೊಪೇನ್ ಟಾರ್ಚ್ ಹಿಡಿದು ಒಂದು ನಿಮಿಷದಷ್ಟು ಹೊತ್ತಿಸಿ. ಇಲ್ಲಿ ಅವಸರ ಮಾಡಬಾರದು. ಜ್ವಾಲೆ ಐದರಿಂದ ಹತ್ತು ನಿಮಿಷ ಉರಿಯಲಿ. ಮೇಲಿನ ಪೆಲೆಟ್‌ಗಳ ಅಂಚು ಕಪ್ಪಾಗಿ, ಆಮೇಲೆ ಒಳಗೆ ಕೆಂಪು ಕೆಂಡ ಕಾಣಿಸಿಕೊಂಡ ಮೇಲೆ ಊದಿ ಆರಿಸಿ. ಬೇಗ ಆರಿಸಿದರೆ ಕೆಂಡ ಕೂರುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಹೊಗೆ ನಿಲ್ಲುತ್ತದೆ. ಸರಿಯಾಗಿ ಕೆಂಡ ಹಿಡಿದ ಕೊಳವೆ ಅಡ್ಡಲಾಗಿ ಮಲಗಿಸಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ನಾಲ್ಕು ಗಂಟೆ ಹೊಗೆಯಾಡುತ್ತ ಹೋಗುತ್ತದೆ. ಚಿಮಣಿ ಇರುವ ಕಡೆಗೆ ಎದುರಾದ ಬದಿಯಲ್ಲಿ ಅದನ್ನಿಟ್ಟರೆ ಹೊಗೆ ಮಾಂಸವನ್ನು ದಾಟಿಕೊಂಡೇ ಹೊರಹೋಗಬೇಕಾಗುತ್ತದೆ. ಕಟ್ಟಿಗೆ ಚಕ್ಕೆಗಳನ್ನು ನೀರಲ್ಲಿ ನೆನೆಸಿ ಹಾಕುವ ಪದ್ಧತಿಯಿಂದ ಪ್ರಯೋಜನವಿಲ್ಲ. ಮರ ಅಷ್ಟರಲ್ಲಿ ಹೆಚ್ಚು ನೀರು ಕುಡಿಯುವುದಿಲ್ಲ, ಕುಡಿದಷ್ಟು ನೀರು ಆವಿಯಾಗುವವರೆಗೆ ಹೊಗೆ ಏಳುವುದಿಲ್ಲ, ಅಷ್ಟೆ.

ಕೊಳವೆಯಿಂದ ಮೊದಲು ಏಳುವ ದಟ್ಟ ಹೊಗೆ ತೆಳುವಾಗುವವರೆಗೆ ಕಾದು, ಆಮೇಲೆ ಚಾಪ್‌ಗಳನ್ನು ಫ್ರಿಜ್‌ನಿಂದ ನೇರವಾಗಿ ತಂದು ಜಾಲರಿಯ ಮೇಲಿಡಿ. ಮಾಂಸವನ್ನು ಒಂದು ಗಂಟೆ ಹೊರಗಿಟ್ಟು ಬೆಚ್ಚಗಾಗಿಸಬೇಕೆಂಬ ಮಾತು ಈ ಕ್ರಮಕ್ಕೆ ಹೊಂದುವುದಿಲ್ಲ. ಬಿಸಿ ಗಾಳಿಯಲ್ಲಿ ತೇಲುವ ಹೊಗೆಯ ಕಣಗಳು ತಣ್ಣನೆಯ ಮೇಲ್ಮೈಯತ್ತ ಸರಿದು ಕೂರುತ್ತವೆ, ಅಲ್ಲಿನ ತೇವ ಅವುಗಳನ್ನು ಹಿಡಿದಿಡುತ್ತದೆ. ಚಳಿಗಾಲದಲ್ಲಿ ಕಿಟಕಿಯ ಗಾಜಿಗೆ ಒಳಗಿನ ಆವಿ ಕೂರುವ ಹಾಗೆ. ಫ್ರಿಜ್‌ನಲ್ಲಿ ಒಣಗಿದ ಮೇಲ್ಮೈಗೆ ಸ್ಪ್ರೇ ಬಾಟಲಿಯಿಂದ ತೆಳುವಾಗಿ ನೀರು ಚಿಮುಕಿಸಿ, ಅರ್ಧ ಗಂಟೆಯ ನಂತರ ಇನ್ನೊಮ್ಮೆ ಚಿಮುಕಿಸಿ. ಈ ನೀರಿನಿಂದ ಸಿಯರ್‌ಗೆ ತೊಂದರೆಯಾಗುವುದಿಲ್ಲ. ಅದು ಮೇಲೆಯೇ ಇರುವ ನೀರು, ಮುಂದಿನ ಹಂತದೊಳಗೆ ಆರಿಹೋಗುತ್ತದೆ. ಕೊಡಗು, ಮಲೆನಾಡುಗಳಲ್ಲಿ ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಗೆ ಒಣಗಿಸುವುದನ್ನು ಕಂಡವರಿಗೆ ಅಲ್ಲಿನ ಗಾಢ ಘಮ ಇಲ್ಲಿ ಒಂದು ಗಂಟೆಯಲ್ಲಿ ಬರುವುದಿಲ್ಲವೆಂಬುದು ಗೊತ್ತೇ ಇರುತ್ತದೆ. ಅದು ದಿನಗಟ್ಟಲೆ ನಡೆಯುವ ಕೆಲಸ. ಇಲ್ಲಿ ನಮಗೆ ಬೇಕಾದದ್ದು ಮಾಂಸದ ರುಚಿಯನ್ನು ಮುಚ್ಚದ, ಆದರೆ ಮೊದಲ ತುತ್ತಿನಲ್ಲೇ ಗೊತ್ತಾಗುವ ಹೊಗೆ.

ಥರ್ಮಾಮೀಟರ್‌ನ ಮೊನೆಯನ್ನು ಮೂಳೆಗೆ ತಾಗದಂತೆ ಚಾಪ್‌ನ ನಡುವಿಗೆ ಚುಚ್ಚಿಡಿ. ಅಮೆರಿಕದ ಕೃಷಿ ಇಲಾಖೆ ಕುರಿ, ದನ, ಹಂದಿಯ ಇಡೀ ತುಂಡುಗಳಿಗೆ 145 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿಯನ್ನು, ಖೀಮಾಗೆ 160ನ್ನು, ಕೋಳಿಗೆ 165ನ್ನು ಹೇಳುತ್ತದೆ. ಕೊನೆಗೆ 145 ಬೇಕೆಂದರೆ ಹೊಗೆಯ ಹಂತದಿಂದ 125ರ ಆಸುಪಾಸಿನಲ್ಲಿ ತೆಗೆಯಬೇಕು, ಉಳಿದದ್ದನ್ನು ಕಾವಲಿ ಪೂರೈಸುತ್ತದೆ. ಇದಕ್ಕೆ ಸುಮಾರು ಒಂದು ಗಂಟೆ ಹಿಡಿಯಬಹುದು, ಆದರೆ ಗಡಿಯಾರವನ್ನಲ್ಲ, ಥರ್ಮಾಮೀಟರನ್ನು ನಂಬಿ. ಹೊಗೆ ಇನ್ನೂ ಬೇಕೆಂಬ ಆಸೆಯಿಂದ ಈ ಹಂತವನ್ನು ಗಂಟೆಗಟ್ಟಲೆ ಎಳೆಯಬೇಡಿ. 40ರಿಂದ 140 ಡಿಗ್ರಿಯ ನಡುವೆ ಮಾಂಸ ಬಹಳ ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ನಡುವಿನ ಬಿಡುವು

ಚಾಪ್‌ಗಳನ್ನು ತೆಗೆದು ತಂತಿ ಜಾಲರಿಯ ಮೇಲೆ, ಮುಚ್ಚದೆ ಇಡಿ. ಫಾಯಿಲ್ ಸುತ್ತಿದರೆ ಒಳಗೆ ಆವಿ ಕಟ್ಟಿ ಮೇಲ್ಮೈ ಮತ್ತೆ ಬೆವರುತ್ತದೆ. ಸ್ಮೋಕ್ ಟ್ಯೂಬನ್ನು ಇಕ್ಕಳದಿಂದ ಹಿಡಿದು ಹೊರಗೆ ಕಲ್ಲು ಅಥವಾ ಕಾಂಕ್ರೀಟಿನ ಮೇಲಿಡಿ, ಮರದ ಡೆಕ್ ಮೇಲೆ ಬೇಡ. ಬೀಡು ಕಬ್ಬಿಣದ ಕಾವಲಿಯೊಂದನ್ನು ಫೈರ್ ಪಾಟ್‌ನ ನೇರ ಮೇಲೆ ಜಾಲರಿಯಲ್ಲಿಟ್ಟು, ಮುಚ್ಚಳ ಮುಚ್ಚಿ, ಗ್ರಿಲ್ ಅನ್ನು ಅದರ ಗರಿಷ್ಠ ಕಾವಿಗೆ ಏರಿಸಿ. ಹೆಚ್ಚಿನ ಗ್ರಿಲ್‌ಗಳಲ್ಲಿ ಅದು 500 ಡಿಗ್ರಿ. ಅಂಕಿ 500 ತೋರಿಸಿದ ಕೂಡಲೇ ಕಾವಲಿ ಕಾದಿದೆ ಎಂದುಕೊಳ್ಳಬೇಡಿ. ಅದು ಗಾಳಿಯ ಕಾವು. ದಪ್ಪ ಕಬ್ಬಿಣ ಆ ಮಟ್ಟಕ್ಕೆ ಬರಲು ಇನ್ನೂ ಹದಿನೈದು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಮಾಂಸದ ಹೊರಪದರ ತುಸು ತಣ್ಣಗಾಗುತ್ತದೆ. ಹಾಗೆ ತಣ್ಣಗಾದದ್ದು ಒಳ್ಳೆಯದೇ, ಸಿಯರ್ ಮಾಡುವಾಗ ಒಳಗೆ ಅತಿಯಾಗಿ ಬೇಯುವುದು ತಪ್ಪುತ್ತದೆ.

ನಾನ್‌ಸ್ಟಿಕ್ ಕಾವಲಿಯನ್ನು ಇಲ್ಲಿ ಎಂದಿಗೂ ಬಳಸಬಾರದು, ಅದರ ಲೇಪ ಈ ಕಾವಿನಲ್ಲಿ ಕೆಡಲಾರಂಭಿಸುತ್ತದೆ. ಊರಿಂದ ಹೊತ್ತು ತಂದ ದಪ್ಪ ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಮಾಂಸಕ್ಕೆ ಬೇರೆಯದನ್ನೇ ಇಟ್ಟುಕೊಳ್ಳಿ.

ಎರಡನೆಯ ಉರಿ: ಸಿಯರ್

ಮಾಂಸ ಕೆಂಪಾಗುವುದು ಸುಮಾರು 300 ಡಿಗ್ರಿಯ ಹೊತ್ತಿಗೆ ಚುರುಕಾಗುವ ಮೇಯಾರ್ ಕ್ರಿಯೆಯಿಂದ, ಅಂದರೆ ಮಾಂಸದ ಪ್ರೋಟೀನ್ ಮತ್ತು ಸಕ್ಕರೆಯ ಅಂಶಗಳು ಕಾವಿನಲ್ಲಿ ಕೂಡಿ ಬಣ್ಣ, ರುಚಿ ಕೊಡುವುದರಿಂದ. ನೀರು 212ರಲ್ಲೇ ಕುದಿಯುತ್ತದೆ. ಮೇಲ್ಮೈಯಲ್ಲಿ ನೀರಿರುವವರೆಗೆ ಕಾವಲಿಯ ಶಾಖವೆಲ್ಲ ಅದನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ, ಬಣ್ಣ ಬರುವಷ್ಟರಲ್ಲಿ ಒಳಗೆ ಬೆಂದು ಒಣಗಿರುತ್ತದೆ. ಆದ್ದರಿಂದ ಪೇಪರ್ ಟವೆಲ್‌ನಿಂದ ಎರಡೂ ಬದಿ, ಅಂಚು, ಮೂಳೆಯ ಸಂದುಗಳನ್ನೂ ಒತ್ತಿ ಒಣಗಿಸಿ. ಆಮೇಲೆ ತುಪ್ಪವನ್ನು ಕಾವಲಿಗಲ್ಲ, ಮಾಂಸಕ್ಕೆ ತೆಳುವಾಗಿ ಸವರಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ ಈ ಕಾವಲಿಯಲ್ಲಿ ತಕ್ಷಣ ಕಪ್ಪಾಗುತ್ತದೆ; ಅದನ್ನು ಕಾಯಿಸಿ ಸೋಸಿ ತೆಗೆದ ತುಪ್ಪ ಹೆಚ್ಚು ತಾಳುತ್ತದೆ.

ಮೊದಲು ಕೊಬ್ಬಿನ ಅಂಚು. ಮೂರ್ನಾಲ್ಕು ಚಾಪ್‌ಗಳನ್ನು ಇಕ್ಕಳದಲ್ಲಿ ಒಟ್ಟಿಗೆ ಹಿಡಿದು, ಬಿಳಿ ಕೊಬ್ಬಿನ ಪಟ್ಟಿ ಕಾವಲಿಗೆ ತಾಗುವಂತೆ ನೆಟ್ಟಗೆ ನಿಲ್ಲಿಸಿ. ಚುರ್ ಎಂಬ ಸದ್ದಿನೊಂದಿಗೆ ಅಪಾರದರ್ಶಕವಾಗಿದ್ದ ಕೊಬ್ಬು ಗಾಜಿನಂತಾಗಿ, ಅಂಚಿನಿಂದ ಹೊಂಬಣ್ಣಕ್ಕೆ ತಿರುಗುತ್ತದೆ, ಕರಗಿದ ಕೊಬ್ಬು ಕಾವಲಿಯ ಮೇಲೆ ಹರಡುತ್ತದೆ. ಈಗ ಆ ಕೊಬ್ಬಿನಲ್ಲೇ ಚಾಪ್‌ಗಳನ್ನು ಮಲಗಿಸಿ, ಮುಚ್ಚಳ ಮುಚ್ಚಿ. ಬದಿಗೆ ಒಂದರಿಂದ ಒಂದೂವರೆ ನಿಮಿಷ ಸಾಕು. ನಡುವೆ ಎರಡು ಮೂರು ಬಾರಿ ಮಗುಚಿದರೆ ತಪ್ಪೇನಿಲ್ಲ, ಕಾವು ಎರಡೂ ಬದಿಗೆ ಸಮನಾಗುತ್ತದೆ. ಕಾವಲಿಯಲ್ಲಿ ಒತ್ತೊತ್ತಾಗಿ ತುಂಬಬೇಡಿ. ನಡುವೆ ಬೆರಳಗಲ ಜಾಗ ಇಲ್ಲದಿದ್ದರೆ ಆವಿ ಹೊರಹೋಗದು. ಮುಚ್ಚಳ ತೆರೆದಿಟ್ಟುಕೊಂಡು ನಿಲ್ಲುವುದೂ ಬೇಡ. ಕಾವು ಇಳಿದಿದೆ ಎಂದು ತಿಳಿದು ಕಂಟ್ರೋಲರ್ ಪೆಲೆಟ್ ಹೆಚ್ಚು ತಳ್ಳುತ್ತದೆ, ಮುಚ್ಚಿದ ಮೇಲೆ ಉರಿ ಅಂದಾಜು ಮೀರಿ ಏರುತ್ತದೆ.

ಕೆಲವು ಗ್ರಿಲ್‌ಗಳಲ್ಲಿ, ಉದಾಹರಣೆಗೆ ಪಿಟ್ ಬಾಸ್ ಮಾದರಿಗಳಲ್ಲಿ, ತಗಡನ್ನು ಸರಿಸಿ ನೇರ ಜ್ವಾಲೆಗೆ ಒಡ್ಡುವ ಕಿಂಡಿ ಇರುತ್ತದೆ. ಅದು ಉಪಯುಕ್ತವೇ, ಆದರೆ ಕಿಂಡಿ ಸಣ್ಣದು, ಸುಡುವ ಕೊಬ್ಬು ನೇರ ಬೆಂಕಿಗೆ ಬೀಳುತ್ತದೆ. ಕುರಿಮಾಂಸದಂತಹ ಕೊಬ್ಬಿನ ಪದಾರ್ಥಕ್ಕೆ ನಾನು ಕಾವಲಿಯನ್ನೇ ಆರಿಸುತ್ತೇನೆ. ಹಿತ್ತಲಲ್ಲಿ ಪ್ರೊಪೇನ್ ಬರ್ನರ್ ಇದ್ದರೆ ಅದರ ಮೇಲೆ ಕಾವಲಿ ಕಾಯಿಸುವುದು ಇನ್ನೂ ಒಳ್ಳೆಯದು. ಹೊಗೆಗೆ ಪೆಲೆಟ್, ಸಿಯರ್‌ಗೆ ಗ್ಯಾಸ್ ಎಂಬುದರಲ್ಲಿ ಕೀಳರಿಮೆ ಬೇಡ. ಗ್ರಿಲ್‌ನೊಳಗೆ ಜಿಡ್ಡು ಹೊತ್ತಿಕೊಂಡರೆ ನೀರು ಹಾಕಬೇಡಿ. ಮುಚ್ಚಳ ಮುಚ್ಚಿ, ಯಂತ್ರವನ್ನು ಆರಿಸಿ, ಗಾಳಿ ಸಿಗದೆ ಬೆಂಕಿ ತಾನಾಗಿ ನಂದುವವರೆಗೆ ತೆರೆಯದೆ ದೂರ ನಿಲ್ಲಿ.

ಒಳಗಿನ ಕಾವು 140 ಮುಟ್ಟಿದಾಗ ತೆಗೆದು ತಟ್ಟೆಗೆ ಹಾಕಿ, ವಿಶ್ರಾಂತಿಯಲ್ಲಿ ಅದು ಇನ್ನೈದು ಡಿಗ್ರಿ ಏರುತ್ತದೆ; ಏರಿದೆಯೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಿಕೊಳ್ಳಿ. ಮಸಾಲೆಯ ಜಾಗ ಇದು: ಒಂದೆರಡು ಚಮಚ ತುಪ್ಪ ಬಿಸಿಮಾಡಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಆಗಷ್ಟೇ ಕುಟ್ಟಿದ ಕರಿಮೆಣಸು ಹಾಕಿ, ಬೆಳ್ಳುಳ್ಳಿ ಬಣ್ಣ ತಿರುಗುವ ಮೊದಲೇ ಮಾಂಸದ ಮೇಲೆ ಸುರಿಯಿರಿ. ಹೊಗೆ, ಕೆಂಪು, ಮೆಣಸು ಮೂರೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತವೆ.

ಕೋಳಿ, ಪನೀರ್, ಬದನೆಕಾಯಿ

ಕೋಳಿಗೆ ಕ್ರಮ ಸ್ವಲ್ಪ ಬೇರೆ. ಕಡಿಮೆ ಕಾವಿನಲ್ಲೇ ಪೂರ್ತಿ ಬೇಯಿಸಿದರೆ ಚರ್ಮ ರಬ್ಬರಿನಂತಾಗುತ್ತದೆ. ಮೊದಲ ಅರ್ಧ ಗಂಟೆ 225ರಲ್ಲಿ ಕೊಳವೆಯ ಹೊಗೆ ಕೊಟ್ಟು, ಆಮೇಲೆ 400ಕ್ಕೆ ಏರಿಸಿ ಒಳಗೆ 165 ಆಗುವವರೆಗೆ ಬೇಯಿಸಿ. ತೊಡೆಯ ತುಂಡುಗಳನ್ನು 175ರವರೆಗೂ ಬಿಡಬಹುದು, ಇನ್ನಷ್ಟು ಮೃದುವಾಗುತ್ತವೆ.

ಪನೀರ್ ಹೊಗೆಯನ್ನು ಬಹಳ ಬೇಗ ಹೀರುತ್ತದೆ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ದಪ್ಪ ಬಿಲ್ಲೆಗಳಾಗಿ ಇಟ್ಟು, ಹೊಗೆಯ ನಂತರ ತುಪ್ಪದ ಕಾವಲಿಯಲ್ಲಿ ಒಂದು ಬದಿ ಮಾತ್ರ ಕೆಂಪಾಗಿಸಿ. ಸುಟ್ಟ ಬದನೆಕಾಯಿ ಗೊಜ್ಜಿಗೆ ದೊಡ್ಡ ಬದನೆಕಾಯಿಯನ್ನು ಅಲ್ಲಲ್ಲಿ ಚಾಕುವಿನಿಂದ ಆಳವಾಗಿ ಚುಚ್ಚಿ, ಎಣ್ಣೆ ಸವರಿ, 200ರಲ್ಲಿ ಮುಕ್ಕಾಲು ಗಂಟೆ ಹೊಗೆಯಲ್ಲಿಡಿ. ಆ ಸೀಳುಗಳ ಮೂಲಕ ಘಮ ತಿರುಳಿಗಿಳಿಯುತ್ತದೆ. ನಂತರ 450ಕ್ಕೆ ಏರಿಸಿ ಕಾಯಿ ಪೂರ್ತಿ ಕುಸಿಯುವವರೆಗೆ ಬಿಡಿ. ಒಲೆಯ ಕೆಂಡದಲ್ಲಿ ಸುಟ್ಟಂತೆ ಸಿಪ್ಪೆ ಕರಿಯಾಗದು, ಆದರೆ ತಿರುಳಿನಲ್ಲಿ ಹೊಗೆ ಚೆನ್ನಾಗಿ ಕೂತಿರುತ್ತದೆ. ಬಿಸಿಯಿರುವಾಗಲೇ ಸಿಪ್ಪೆ ಸುಲಿದು ಕಿವುಚಿ, ಹುಣಸೆರಸ, ಬೆಲ್ಲ, ಹಸಿಮೆಣಸು, ಒಗ್ಗರಣೆ ಸೇರಿಸಿ.

ಅಡುಗೆ ಮುಗಿದ ಮೇಲೆ ಪ್ಲಗ್ ಎಳೆದು ಗ್ರಿಲ್ ಆರಿಸಬೇಡಿ. ಶಟ್‌ಡೌನ್ ಗುಂಡಿ ಒತ್ತಿದರೆ ಫ್ಯಾನ್ ಇನ್ನೂ ಕೆಲವು ನಿಮಿಷ ತಿರುಗಿ ಕುಳಿಯಲ್ಲಿ ಉಳಿದ ಪೆಲೆಟ್ ಪೂರ್ತಿ ಸುಡುತ್ತದೆ. ಹಾಗೆ ಸುಡದೆ ಉಳಿದ ಕೆಂಡ ಆಗರ್‌ನ ಹಾದಿಯಲ್ಲಿ ಹಿಂದಕ್ಕೆ ಹಬ್ಬಿ ಹಾಪರ್‌ವರೆಗೂ ಹೋಗುವ ಸಾಧ್ಯತೆಯಿದೆ. ಮುಂದಿನ ಕೆಲವು ವಾರ ಗ್ರಿಲ್ ಬಳಸುವುದಿಲ್ಲವೆಂದರೆ ಹಾಪರ್‌ನ ಪೆಲೆಟ್‌ಗಳನ್ನು ಬಕೆಟ್‌ಗೆ ಹಿಂದಿರುಗಿಸಿ, ಆಗರ್‌ನಲ್ಲಿ ಉಳಿದದ್ದನ್ನೂ ಉರಿಸಿ ಖಾಲಿ ಮಾಡಿ, ಮಳೆಗೆ ಮುಚ್ಚುಗೆ ಹೊದಿಸಿಡಿ.